ಕಾಗುಣಿತ

ಕ್ಲಾಕ್ಸ್‌ವೀಕ್ ಬಂದರಿನಲ್ಲಿ, ಬಲೆ ಹೊಲಿಯುವ ಗೋದಾಮಿನ ಅಟ್ಟದಲ್ಲಿ
ಮರ್ಯುನ್ ಹನ್ನೊಂದು ವರ್ಷದಿಂದ ಸೊನ್ನೆಯಲ್ಲೇ ಇದ್ದಾಳೆ.
ಸೊನ್ನೆ ಪಾಯಿಂಟ್ ಒಂಬತ್ತು ಪಾಯಿಂಟ್ ಅರವತ್ತೊಂದು.
ಒಂಬತ್ತು ದಾಟಿದರೆ ಒಂದು ಎಂದು ಎಲ್ಲರೂ ಬಲ್ಲರು.
ಒಂಬತ್ತರೊಳಗೇ ಇಷ್ಟೊಂದು ಕೋಣೆಗಳಿವೆ ಎಂದು
ಅವಳೊಬ್ಬಳಿಗೆ ಗೊತ್ತು.

ಬರೆದದ್ದು ದೊಡ್ಡದೇನಲ್ಲ.
ದ್ವೀಪ ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲಿ
ನೀರು ಯಾವ ಗಳಿಗೆಗೆ ಮಗ್ಗುಲು ಬದಲಿಸುತ್ತದೆ,
ಎಷ್ಟು ಜೋರಾಗಿ ಎಳೆಯುತ್ತದೆ, ಎಷ್ಟು ಹೊತ್ತು ಸುಮ್ಮನಿರುತ್ತದೆ,
ಇಷ್ಟನ್ನು ಲೆಕ್ಕ ಹಾಕಿ ಹೇಳುವ ತಂತ್ರಾಂಶ.
ಯಾರು ಬೇಕಾದರೂ ಒಯ್ಯಬಹುದು, ಬಿಚ್ಚಿ ನೋಡಬಹುದು,
ಹೊಲಿಗೆ ಸರಿಯಿಲ್ಲವೆಂದು ಬೈಯಬಹುದು.
ಬೈದವರಲ್ಲಿ ನಾಲ್ವರು ಉಳಿದುಕೊಂಡು
ಈಗ ಅವರೂ ಹೊಲಿಯುತ್ತಿದ್ದಾರೆ.

ಟೈತುರ್ ಪ್ರತಿ ಚಳಿಗಾಲ ಕೇಳುತ್ತಾನೆ:
“ಈ ಸಲ ಒಂದು ಅನ್ನೋಣವಾ?”
ಅವಳ ಬಳಿ ಯಾವಾಗಲೂ ಒಂದು ಪಟ್ಟಿ.
ಅಧಿಕ ಸೆಕೆಂಡಿನ ತಕರಾರು. ಹಳೇ ಫೋನುಗಳ ಮಂದಬುದ್ಧಿ.
ಸ್ವೀನೊಯ್ ದ್ವೀಪದ ಪೂರ್ವಕ್ಕೆ ಆರು ನಿಮಿಷದ ತಪ್ಪು,
ಅದೂ ಹುಣ್ಣಿಮೆಯ ಮಾರನೆಯ ದಿನ ಮಾತ್ರ.
ಒಂದನ್ನು ಹೊಡೆದುಹಾಕಿದರೆ ಎರಡು ಹುಟ್ಟುತ್ತವೆ.
ಬೇಯುವ ತನಕ ಕಾದವರು ಆರುವ ತನಕ ಕಾಯಬಾರದೇ
ಎನ್ನುತ್ತದೆ ನನ್ನ ಭಾಷೆ.
ಅವಳ ಪಾತ್ರೆ ಬೆಂದು, ಆರಿ, ತಂಗಳಾಗಿ,
ಮತ್ತೆ ಒಲೆ ಏರಿದ್ದು ಎಷ್ಟು ಸಲವೋ.

ಮತ್ತೆ, ಸ್ಥಿರ ಎಂಬ ಮಾತು.
ನೀರಿನ ಮೇಲೆ ಬರೆದದ್ದಕ್ಕೆ
ಆ ಹೆಸರಿಡಲು ಅವಳಿಗೆ ನಾಲಿಗೆ ಏಳುವುದಿಲ್ಲ.

ಮಂಗಳವಾರ ಹಾನುಸ್‌ನ ದೋಣಿಗೆ ಹೋದಳು,
ಕಾಡ್ ಮೀನಿಗೆ ಚೌಕಾಸಿ ಮಾಡಲು.
ಚುಕ್ಕಾಣಿಯ ಪಕ್ಕ ಟೇಪು ಸುತ್ತಿದ ಫೋನು,
ಅದರಲ್ಲಿ ಸೊನ್ನೆ ಪಾಯಿಂಟ್ ಆರು, ಏಳು ವರ್ಷ ಹಳೆಯದು,
ಅಂಚಿನಲ್ಲಿ ಅವಳೇ ಬರೆದ ಕೆಂಪು ಸಾಲು:
ಪ್ರಯೋಗಕ್ಕೆ ಮಾತ್ರ. ಇದನ್ನು ನಂಬಿ ಕಡಲಿಗಿಳಿಯಬೇಡಿ.
“ಹೊಸದು ಹಾಕಿಕೊಂಡಿಲ್ಲವಾ?”
ಮುದುಕ ಮೀನಿನ ಹೊಟ್ಟೆ ಸೀಳುತ್ತಾ,
“ಯಾಕೆ, ನೀರು ಹೊಸದಾಯಿತಾ?”

ಆ ರಾತ್ರಿ ಅವಳು ಎಲ್ಲಕ್ಕಿಂತ ಹಳೆಯ ಗಾಯಕ್ಕೆ ಕೈಹಾಕಿದಳು.
ಸೆಳೆತಕ್ಕೆ ಅವಳ ನುಡಿಯಲ್ಲಿ ಸ್ಟ್ರೆಯ್ಮುರ್.
ಮೊದಲ ರಾತ್ರಿ ನಿದ್ದೆಗಣ್ಣಲ್ಲಿ ಅವಳು ಹೊಡೆದದ್ದು ಸ್ಟೆಯ್ಮುರ್.
ರಕಾರದ ಒತ್ತು ನೀರುಪಾಲು.
ಅದೇ ಹೆಸರು ಹಿಡಿದು ಕರೆದರೇ ಲೆಕ್ಕ ಓಗೊಡುವುದು,
ಇಂದಿಗೂ.
ನಾಚಿಕೆ. ತಿದ್ದಿದಳು, ಕಳಿಸಿದಳು, ಮಲಗಿದಳು.

ಬೆಳಗಾಗುವ ಮೊದಲೇ ಚಿಲಿಯ ಚಿಲೋಯೆ ದ್ವೀಪದಿಂದ ಕಾಗದ,
ಎಂದೂ ಬರೆಯದ ಎಲ್ವಿರಾ ಎಂಬಾಕೆ.
“ನಮ್ಮಲ್ಲಿ ಚಿಪ್ಪುಮೀನು ಸಾಕುವ ತೆಪ್ಪಗಳು ಮೂವತ್ತೆರಡು.
ನೀರು ಜೋರಾದರೆ ಗಂಟೆ ಹೊಡೆಯುವಂತೆ
ನನ್ನ ತಮ್ಮ ಕಟ್ಟಿಕೊಟ್ಟು ಹೋದ. ಅವನಿಲ್ಲ ಈಗ.
ನಿನ್ನೆಯಿಂದ ಒಂದೂ ಗಂಟೆಯಿಲ್ಲ.
ಸ್ಟೆಯ್ಮುರ್ ಎಲ್ಲಿ ಹೋಯಿತು?
ದೋಣಿಗೂ ಅದೇ ಹೆಸರು ಬರೆಸಿದ್ದೇವೆ, ಹಳದಿ ಬಣ್ಣದಲ್ಲಿ.”

ಮರ್ಯುನ್ ಕಾಫಿ ಮಾಡಲಿಲ್ಲ.
ತಿದ್ದಿದ್ದನ್ನು ಮತ್ತೆ ಕೆಡಿಸಿದಳು.
ತನ್ನ ತಪ್ಪು ಎಂದುಕೊಂಡಿದ್ದಳು, ಇಷ್ಟು ವರ್ಷ,
ಅದು ಎಂದೋ ಮನೆಬಿಟ್ಟು ಹೋಗಿ
ಇನ್ನೊಂದು ಸಮುದ್ರದಲ್ಲಿ ಸಂಸಾರ ಹೂಡಿತ್ತು.

ಟೈತುರ್ ಬಂದಾಗ ಪಟ್ಟಿ ಹಾಗೇ ಇತ್ತು, ಇನ್ನೂ ಹದಿನಾಲ್ಕು.
ಪರದೆಯ ಮೇಲೆ ಒಂದು, ಪಾಯಿಂಟ್, ಸೊನ್ನೆ,
ಕೆಳಗೆ ಅವಳ ಎರಡು ಸಾಲು:
ಕಾಗುಣಿತ ತಪ್ಪಿದೆ. ಇನ್ನು ಮುಂದೆ ತಪ್ಪಿಯೇ ಇರುತ್ತದೆ.
ಅವನು ನಕ್ಕ. ಅವಳು ನಗಲಿಲ್ಲ,
ಕಿಟಕಿಯಿಂದ ನೀರು ನೋಡುತ್ತಿದ್ದಳು.

ತಿರುಗುವುದು ನಾಲ್ಕು ಹನ್ನೆರಡಕ್ಕೆ ಎಂದಿತ್ತು ಲೆಕ್ಕ.
ನಾಲ್ಕು ಹದಿಮೂರು.
ಬಂದರಿನ ಹಗ್ಗಗಳು ಇನ್ನೂ ಸಡಿಲವಾಗೇ ಇದ್ದವು.
ನಾಲ್ಕು ಹದಿನೈದಕ್ಕೆ ಹಾನುಸ್‌ನ ದೋಣಿ
ಮೆಲ್ಲಗೆ ಮೂತಿ ತಿರುಗಿಸಿತು.